ಚಂದಾ ಕೊಡದೋರಿಗೂ ಸಂಬಳ ಏರತ್ತೆ, ಹಂಗಾದ್ರೆ ಚಂದಾ ಯಾಕೆ ಕೊಡ್ಬೇಕು?

ಪೀಣ್ಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ನಾನು ಆಡಿದ ಮಾತು ಇದು. ಎದುರಿಗೆ ಮಷಿನ್ ಶಾಪಿನವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಲಾ ಓದೋ ಮೂರ್ನಾಲ್ಕು ಹುಡುಗರು ಇದ್ರು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ, ಮಾತಿನ ಧಾಟಿ ಹಂಗೇ ಬಿಟ್ಟಿದೀನಿ, ಮಧ್ಯ ಮಧ್ಯ ಬಂದ ಪ್ರಶ್ನೆಗಳಲ್ಲಿ ಒಂದೆರಡನ್ನ ಮಾತ್ರ ಇಟ್ಕೊಂಡಿದೀನಿ.

ಎಲ್ರಿಗೂ ನಮಸ್ಕಾರ. ರಜಾ ದಿನ ಬಟ್ಟೆ ಒಗೆಯೋದು, ರೇಷನ್ ತರೋದು ಎಲ್ಲಾ ಬಿಟ್ಟು ಬಂದಿದೀರ, ಅದಕ್ಕೆ ಮೊದಲೇ ವಿಷಯಕ್ಕೆ ಬಂದ್ಬಿಡ್ತೀನಿ. ಯೂನಿಯನ್ ಚಂದಾ ಕಡ್ಡಾಯನಾ? ಯೂನಿಯನ್ ಸೇರೋದು ಕಡ್ಡಾಯನಾ? ಎರಡೂ ಒಂದೇ ಪ್ರಶ್ನೆ ಅಂತ ಅನ್ಸತ್ತೆ, ಆದ್ರೆ ಅಲ್ಲ, ಬೇರೆ ಬೇರೆ. ಇವತ್ತು ನಾನು ಹೇಳೋದೆಲ್ಲ ಆ ಎರಡರ ನಡುವಿನ ಜಾಗದ್ದೇ.

ನಾನು ಹನ್ನೊಂದು ವರ್ಷ ಇಲ್ಲೇ ಒಂದು ಫ್ಯಾಕ್ಟರಿ ಯೂನಿಯನ್ನಲ್ಲಿ ಖಜಾಂಚಿ ಆಗಿದ್ದೆ. ತೊಂಬತ್ತರ ದಶಕದ ಮಾತು, ಆಗ ಸಂಬಳ ಏಳನೇ ತಾರೀಕು ಖಾಕಿ ಕವರಲ್ಲಿ ಕೈಗೆ ಬರ್ತಿತ್ತು. ಕ್ಯಾಶ್ ಕೌಂಟರಿಂದ ಗೇಟಿಗೆ ಬರೋ ದಾರೀಲಿ, ಸೈಕಲ್ ಸ್ಟ್ಯಾಂಡ್ ಹತ್ರ ಒಂದು ಮರದ ಸ್ಟೂಲ್ ಹಾಕ್ಕೊಂಡು ನಾನು ಕೂತಿರ್ತಿದ್ದೆ, ತೊಡೆ ಮೇಲೆ ರಸೀದಿ ಪುಸ್ತಕ, ಎರಡು ಹಾಳೆ ಮಧ್ಯ ಕಾರ್ಬನ್. ತಿಂಗಳಿಗೆ ಐದು ರೂಪಾಯಿ. ಹೆಸರು, ಟೋಕನ್ ನಂಬರ್, ತಿಂಗಳು, ಸಹಿ. ಮೊದಲ ಶಿಫ್ಟ್ ಬಿಡೋ ಹೊತ್ತಿಗೆ ಇನ್ನೂರು ರಸೀದಿ ಬರ್ದು ಬೆರಳೆಲ್ಲ ನೀಲಿ ಆಗಿರೋದು. ಯಾರು ಕೊಟ್ರು ಯಾರು ಕೊಟ್ಟಿಲ್ಲ ಅಂತ ಪುಸ್ತಕ ನೋಡೋದೇ ಬೇಕಿರಲಿಲ್ಲ, ನಡಿಗೇಲೇ ಗೊತ್ತಾಗೋದು, ಕೊಡದೇ ಇರೋರು ಸೈಕಲ್ಲನ್ನ ಆ ಕಡೆಯಿಂದ ಸುತ್ತು ಹಾಕಿಸ್ಕೊಂಡು ಹೋಗ್ತಿದ್ರು.

ಒಬ್ರು ಮಾತ್ರ ಹಂಗೆ ತಪ್ಪಿಸ್ಕೊಂಡು ಹೋಗ್ತಿರಲಿಲ್ಲ. ಲೇತ್ ಸೆಕ್ಷನ್ನಿನವರು, ಹೆಸರು ಬೇಡ. ಸೀದಾ ನನ್ನ ಮುಂದೇನೇ ಬಂದು ನಿಂತು, ನಾನು ಕೊಡಲ್ಲಪ್ಪ, ನಿಮ್ ಜಗಳ ನಂಗೆ ಬೇಡ, ನಾನು ನನ್ನ ಕೆಲಸ ಮಾಡ್ಕೊಂಡು ಹೋಗ್ತೀನಿ, ಅಂತ ಹೇಳಿ ಹೋಗ್ತಿದ್ರು. ಪ್ರತಿ ತಿಂಗಳೂ.

ಆಮೇಲೆ ಕಂಪನಿ ಜೊತೆ ನಮ್ಮದೊಂದು ಸೆಟ್ಲ್‌ಮೆಂಟ್, ಅಂದ್ರೆ ಸಂಬಳದ ಒಪ್ಪಂದ, ಆಯ್ತು. ಹದಿನಾಲ್ಕು ತಿಂಗಳ ಮಾತುಕತೆ, ಬನ್ನೇರುಘಟ್ಟ ರಸ್ತೆ ಕಾರ್ಮಿಕ ಭವನಕ್ಕೆ ಎಷ್ಟು ಸಲ ಹೋಗಿ ಬಂದ್ವೋ ಲೆಕ್ಕ ಇಲ್ಲ, ಲಾಯರ್ ಫೀಸು, ಬಸ್ ಚಾರ್ಜು, ಟೈಪಿಂಗು, ರಜಾ ಹಾಕಿ ಹೋದೋರ ಸಂಬಳ. ಕೊನೆಗೆ ಲೇಬರ್ ಆಫೀಸರ್ ಮುಂದೆ ಟ್ವೆಲ್ವ್ ತ್ರೀ ಆಯ್ತು.

ಈ ಟ್ವೆಲ್ವ್ ತ್ರೀ ಅಂದ್ರೇನು ಅಂತ ಇಲ್ಲಿ ಹಳಬರಿಗೆ ಗೊತ್ತು, ಹೊಸಬರಿಗಾಗಿ ಹೇಳ್ತೀನಿ, ಯಾಕಂದ್ರೆ ಇಡೀ ವಿಷಯದ ಬೇರು ಇಲ್ಲೇ ಇದೆ. 1947ರ ಕೈಗಾರಿಕಾ ವಿವಾದ ಕಾಯ್ದೇಲಿ ಒಪ್ಪಂದ ಎರಡು ಥರ ಇತ್ತು. ಕಂಪನಿ ಮತ್ತು ಯೂನಿಯನ್ ತಮ್ಮತಮ್ಮಲ್ಲೇ ಕೂತು ಸಹಿ ಹಾಕಿದ್ರೆ ಅದು 18(1)ನೇ ಸೆಕ್ಷನ್, ಸಹಿ ಹಾಕಿದೋರಿಗೆ ಮಾತ್ರ ಕಟ್ಟುಪಾಡು. ಸರ್ಕಾರದ ಸಂಧಾನ ಅಧಿಕಾರಿ ಮುಂದೆ, 12(3) ಕೆಳಗೆ ಆದ್ರೆ, 18(3) ಪ್ರಕಾರ ಆ ಜಾಗದಲ್ಲಿ ಕೆಲಸ ಮಾಡೋ ಎಲ್ರಿಗೂ ಅನ್ವಯ, ಮೆಂಬರ್ ಆಗಿರ್ಲಿ ಬಿಡ್ಲಿ, ಬೇರೆ ಯೂನಿಯನ್ನಲ್ಲಿರ್ಲಿ, ಇವತ್ತು ಇರೋರಿಗೂ ಅಷ್ಟೇ, ನಾಳೆ ಹೊಸದಾಗಿ ಸೇರೋರಿಗೂ ಅಷ್ಟೇ. ಈಗ ಕಾಯ್ದೆ ಬದಲಾಗಿದೆ, ನಂಬರುಗಳೂ ಬದಲಾಗಿವೆ, ಆದ್ರೂ ಲೇಬರ್ ಆಫೀಸ್ ಕಾರಿಡಾರಲ್ಲಿ ಎಲ್ಲರ ಬಾಯಲ್ಲೂ ಇನ್ನೂ ಟ್ವೆಲ್ವ್ ತ್ರೀನೇ.

ಅಂದ್ರೆ ಏನಾಯ್ತು, ಲೇತ್ ಸೆಕ್ಷನ್ನಿನವ್ರಿಗೂ ನಮಗೆಷ್ಟೋ ಅಷ್ಟೇ ಏರಿಕೆ, ನಮಗೆಷ್ಟೋ ಅಷ್ಟೇ ಅರಿಯರ್ಸ್, ಅಂದ್ರೆ ಹಿಂದಿನ ತಿಂಗಳುಗಳ ಬಾಕಿ. ಗೇಟ್ ಮೀಟಿಂಗಲ್ಲಿ ಹುಡುಗರು ರೊಚ್ಚಿಗೆದ್ರು. ಅವ್ರದ್ದು ಹಿಡೀರಿ, ಅವ್ರಿಗ್ಯಾಕೆ ಕೊಡ್ತೀರ ಅಂತ. ಹಿಡಿಯೋಕೆ ಕಾನೂನಲ್ಲಿ ಜಾಗ ಇಲ್ಲ. ಹಂಗಾಗಿ ನಾವು ಬೇರೆ ದಾರಿ ಹಿಡಿದ್ವಿ, ಸೆಟ್ಲ್‌ಮೆಂಟಿನ ಕೊನೇ ಕಲಮಲ್ಲಿ ಎಲ್ಲರ ಅರಿಯರ್ಸಿಂದ ಶೇಕಡಾ ಹತ್ತು ಯೂನಿಯನ್ ಫಂಡಿಗೆ ಅಂತ ಸೇರಿಸಿದ್ವಿ, ಅರಿಯರ್ಸ್ ತಗೊಳೋಕೆ ಎಲ್ರೂ ಸಹಿ ಹಾಕೋ ಫಾರ್ಮಲ್ಲಿ ಅದೂ ಒಂದು ಸಾಲು. ಅವ್ರೂ ಹಾಕಿದ್ರು. ಹಾಕದೇ ಇದ್ರೆ ಅರಿಯರ್ಸ್ ತಡ ಆಗತ್ತೆ ಅಂತ ಕೌಂಟರಲ್ಲಿ ಹೇಳಿದ್ರಂತೆ.

ಒಂದು ವಾರ ಬಿಟ್ಟು ಅವ್ರು ಯೂನಿಯನ್ ಆಫೀಸಿಗೆ ಬಂದ್ರು. ಜಗಳ ಮಾಡಲಿಲ್ಲ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದು, ನನ್ ದುಡ್ಡು ತಗೊಂಡಿದೀರ, ಆಯ್ತು, ಖರ್ಚಿನ ಲೆಕ್ಕ ತೋರ್ಸಿ ನೋಡೋಣ ಅಂದ್ರು. ನಾನು ಹೇಳ್ದೆ, ಲೆಕ್ಕ ಮೆಂಬರುಗಳಿಗೆ ಮಾತ್ರ, ನೀವು ಮೆಂಬರ್ ಅಲ್ಲ. ಕಾನೂನು ಪ್ರಕಾರ ನಾನು ಹೇಳಿದ್ದು ಸರಿ, ಟ್ರೇಡ್ ಯೂನಿಯನ್ ಕಾಯ್ದೆಯ 20ನೇ ಸೆಕ್ಷನ್ನಲ್ಲಿ ಲೆಕ್ಕದ ಪುಸ್ತಕ ನೋಡೋ ಹಕ್ಕು ಇದ್ದಿದ್ದು ಪದಾಧಿಕಾರಿಗಳಿಗೆ ಮತ್ತು ಮೆಂಬರುಗಳಿಗೆ. ಅವ್ರು ಸುಮ್ನೆ ಚಪ್ಪಲಿ ಮೆಟ್ಕೊಂಡು ಹೋದ್ರು. ಇಪ್ಪತ್ತೈದು ವರ್ಷದ ಮೇಲಾಯ್ತು, ಆ ದಿನ ನಾನು ಮಾಡಿದ್ದು ತಪ್ಪು ಅಂತ ಈಗ ನಿಮ್ಮೆಲ್ಲರ ಮುಂದೆ ಹೇಳ್ತಿದೀನಿ. ದುಡ್ಡು ತಗೊಂಡಿದ್ದು ತಪ್ಪಲ್ಲ. ದುಡ್ಡು ತಗೊಂಡು ಲೆಕ್ಕ ಮುಚ್ಚಿಟ್ಟಿದ್ದು ತಪ್ಪು.

ಈಗ ಕಾನೂನು ಏನು ಹೇಳತ್ತೆ ನೋಡೋಣ. ನಮ್ಮ ದೇಶದಲ್ಲಿ ಯೂನಿಯನ್ ಸೇರಲೇಬೇಕು ಅಂತ ಯಾರನ್ನೂ ಬಲವಂತ ಮಾಡೋ ಹಂಗಿಲ್ಲ. ಸಂವಿಧಾನದ 19(1)(ಸಿ) ಸಂಘ ಕಟ್ಟೋ ಹಕ್ಕು ಕೊಡತ್ತೆ. ಕೈಗಾರಿಕಾ ವಿವಾದ ಕಾಯ್ದೆಗೆ ಐದನೇ ಷೆಡ್ಯೂಲ್ ಸೇರಿಸಿದಾಗ ಯೂನಿಯನ್ ಸೇರಬೇಡ ಅಂತ ಮ್ಯಾನೇಜ್‌ಮೆಂಟ್ ಬೆದರಿಸೋದನ್ನ ಹೆಂಗೆ ಅನುಚಿತ ಪದ್ಧತಿ ಅಂತ ಬರೆದ್ರೋ, ಸೇರು ಅಂತ ಯೂನಿಯನ್ ಬೆದರಿಸೋದನ್ನೂ ಹಂಗೇ ಬರೆದ್ರು. ಇನ್ನು ಸಂಬಳದಲ್ಲಿ ಹಿಡಿಯೋ ವಿಷಯ. ವೇತನ ಪಾವತಿ ಕಾಯ್ದೆ 1936ರದ್ದು, ಅದರ 7ನೇ ಸೆಕ್ಷನ್ ಪ್ರಕಾರ ಪಟ್ಟಿಯಲ್ಲಿ ಇಲ್ಲದ ಕಡಿತ ಮಾಡೋ ಹಂಗಿರಲಿಲ್ಲ, ಯೂನಿಯನ್ ಚಂದಾ ಆ ಪಟ್ಟೀಲಿ ಇತ್ತು, ಆದ್ರೆ ಕೆಲಸಗಾರ ಬರವಣಿಗೇಲಿ ಒಪ್ಪಿಗೆ ಕೊಟ್ಟಿದ್ರೆ ಮಾತ್ರ. ಇದನ್ನೇ ಚೆಕ್ ಆಫ್ ಅನ್ನೋದು. ಹೊಸ ವೇತನ ಸಂಹಿತೇಲೂ ಬರವಣಿಗೆ ಒಪ್ಪಿಗೆ ಅನ್ನೋದು ಹಂಗೇ ಇದೆ. ಈ ಒಂದು ಸಾಲನ್ನ ಎಲ್ರೂ ನೆನಪಿಟ್ಕೊಳ್ಳಿ, ಬರವಣಿಗೇಲಿ ಒಪ್ಪಿಗೆ.

ಚಂದಾ ಎಷ್ಟಿರ್ಬೇಕು ಅಂತನೂ ಟ್ರೇಡ್ ಯೂನಿಯನ್ ಕಾಯ್ದೇಲಿತ್ತು. 1960ರಲ್ಲಿ ತಿಂಗಳಿಗೆ ಕನಿಷ್ಠ 25 ಪೈಸೆ ಅಂತ ಇಟ್ರು, ನಲವತ್ತು ವರ್ಷ ಅದನ್ನ ಯಾರೂ ಮುಟ್ಟಲಿಲ್ಲ, 2001ರಲ್ಲಿ ಕಾರ್ಖಾನೆಯಂಥ ಕಡೆ ವರ್ಷಕ್ಕೆ ಕನಿಷ್ಠ 12 ರೂಪಾಯಿ, ಅಸಂಘಟಿತ ವಲಯಕ್ಕೆ 3 ರೂಪಾಯಿ, ಗ್ರಾಮೀಣ ಕೂಲಿಯವರಿಗೆ 1 ರೂಪಾಯಿ ಮಾಡಿದ್ರು. ವರ್ಷಕ್ಕೆ 12 ರೂಪಾಯೀಲಿ ಒಂದು ಯೂನಿಯನ್ ಲಾಯರಿಗೆ ಏನು ಕೊಡತ್ತೆ ನೀವೇ ಹೇಳಿ. ನಮ್ಮ ಯೂನಿಯನ್ಗಳು ಬಡವಾಗಿ, ಹೊರಗಿನ ನಾಯಕರ ಮೇಲೆ, ಪಾರ್ಟಿಗಳ ಮೇಲೆ ನೇತಾಡೋಕೆ ಈ ಪುಡಿ ಚಂದಾ ದೊಡ್ಡ ಕಾರಣ ಅಂತ ನಾನಂತೂ ನಂಬಿದೀನಿ.

ಪಾರ್ಟಿ ಅಂದೆ, ಅದಕ್ಕೆ ಒಂದು ಮಾತು. 1926ರ ಟ್ರೇಡ್ ಯೂನಿಯನ್ ಕಾಯ್ದೆ ಬರೆದೋರು ಒಂದು ಒಳ್ಳೇ ಕೆಲಸ ಮಾಡಿಟ್ಟಿದ್ರು, 16ನೇ ಸೆಕ್ಷನ್. ಯೂನಿಯನ್ ರಾಜಕೀಯಕ್ಕೆ ದುಡ್ಡು ಖರ್ಚು ಮಾಡ್ಬೇಕಂದ್ರೆ ಅದಕ್ಕೆ ಬೇರೆ ಫಂಡು, ಅದಕ್ಕೆ ದುಡ್ಡು ಕೊಡು ಅಂತ ಯಾವ ಮೆಂಬರನ್ನೂ ಬಲವಂತ ಮಾಡೋ ಹಂಗಿಲ್ಲ, ಕೊಡಲಿಲ್ಲ ಅಂತ ಸವಲತ್ತು ತಪ್ಪಿಸೋ ಹಂಗೂ ಇಲ್ಲ. ಅಮೆರಿಕದಲ್ಲಿ ಇದೇ ವಿಷಯಕ್ಕೆ ಸುಪ್ರೀಂ ಕೋರ್ಟಲ್ಲಿ ನಲವತ್ತು ವರ್ಷ ಬಡಿದಾಡಿದ್ರು.

ಆ 1926ರ ಕಾಯ್ದೆ ಸುಮ್ನೆ ಬರಲಿಲ್ಲ, ಅದನ್ನೂ ಹೇಳ್ಬೇಕು. 1918ರಲ್ಲಿ ಮದ್ರಾಸಲ್ಲಿ ಬಿ.ಪಿ. ವಾಡಿಯಾ ಅವರೆಲ್ಲ ಸೇರಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದ್ರು, ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಂ ಅಂಡ್ ಕರ್ನಾಟಿಕ್ ಮಿಲ್ಲಿನವರು ಹೆಚ್ಚಾಗಿ ಅದರಲ್ಲಿದ್ರು. ಗಲಾಟೆ ಆದಾಗ ಕಂಪನಿ ಹೈಕೋರ್ಟಿಗೆ ಹೋಗಿ ಯೂನಿಯನ್ ನಾಯಕರ ಮೇಲೇನೇ ತಡೆಯಾಜ್ಞೆ ತಂತು, ಕೆಲಸಗಾರರಿಗೆ ಮುಷ್ಕರ ಮಾಡಿ ಅಂತ ಹೇಳೋದೇ ತಪ್ಪು ಅಂತ. ಅದಾದ್ಮೇಲೆ ಕಾರ್ಮಿಕ ನಾಯಕ ಎನ್.ಎಂ. ಜೋಷಿ ಅವರು ಶಾಸನ ಸಭೇಲಿ ಯೂನಿಯನ್ನಿಗೆ ಕಾನೂನಿನ ರಕ್ಷಣೆ ಬೇಕು ಅಂತ ಹಟ ಹಿಡಿದ್ರು. ಬಿನ್ನಿ ಮಿಲ್ ಅಂದ್ರೆ ಬೆಂಗಳೂರಿನವರಿಗೆ ಹೇಳ್ಬೇಕಾ, ಇಲ್ಲಿ ಎಷ್ಟು ಜನರ ತಾತಂದಿರು ಅಲ್ಲಿ ನೂಲು ತೆಗೆದೋರು. ರಸೀದಿ ಕೊಟ್ಟು ಚಂದಾ ಎತ್ತೋದು ಇವತ್ತು ಅಪರಾಧ ಅಲ್ಲ ಅಂದ್ರೆ ಅದರ ಹಿಂದೆ ಆ ಮಿಲ್ಲಿನವರ ಪಾಡಿದೆ.

ಇನ್ನು ಹೊರದೇಶ. ಅಮೆರಿಕದಲ್ಲಿ ಮೊದಲು ಕ್ಲೋಸ್ಡ್ ಶಾಪ್ ಅಂತ ಇತ್ತು, ಯೂನಿಯನ್ ಕಾರ್ಡ್ ಇದ್ರೇನೇ ಕೆಲಸ. 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆ ಅದನ್ನ ನಿಲ್ಲಿಸ್ತು, ಕೆಲಸಕ್ಕೆ ಸೇರಿದ್ಮೇಲೆ ದುಡ್ಡು ಕಟ್ಟಲೇಬೇಕು ಅನ್ನೋ ಒಪ್ಪಂದಕ್ಕೆ ಮಾತ್ರ ಅವಕಾಶ ಬಿಡ್ತು, ಅದೂ ಬೇಡ ಅನ್ನೋ ರಾಜ್ಯ ತನ್ನದೇ ಕಾನೂನು ಮಾಡ್ಕೋಬಹುದು ಅಂತು. ಹಂಗೆ ಮಾಡ್ಕೊಂಡಿರೋ ರಾಜ್ಯಗಳು ಈಗ 26. ಆ ಕಾನೂನಿಗೆ ಅಲ್ಲಿ ಇಟ್ಟಿರೋ ಹೆಸರು ರೈಟ್ ಟು ವರ್ಕ್, ನಮ್ಮ ಪೇಪರಿನವರು ಅದನ್ನ ಕೆಲಸದ ಹಕ್ಕು ಅಂತ ಬರೆದ್ಬಿಡ್ತಾರೆ. ನಮ್ಮಲ್ಲಿ ಕೆಲಸದ ಹಕ್ಕು ಅಂದ್ರೆ ಸರ್ಕಾರ ಕೆಲಸ ಕೊಡಬೇಕು ಅಂತ ಕೇಳೋದು, ಸಂವಿಧಾನದ 41ನೇ ವಿಧಿ. ಅಲ್ಲಿ ಅದರ ಅರ್ಥ ಚಂದಾ ಕಟ್ಟದೇ ಕೆಲಸ ಮಾಡೋ ಹಕ್ಕು, ಯಾರಿಗೂ ಒಂದು ಕೆಲಸಾನೂ ಕೊಡಲ್ಲ ಆ ಕಾನೂನು. ಲಾ ಹುಡುಗರು ಇದನ್ನ ಗಮನಿಸಿ.

ಸರ್ಕಾರಿ ನೌಕರರ ಕಥೆ ಬೇರೆ. 1977ರಲ್ಲಿ ಡೆಟ್ರಾಯ್ಟ್ ಟೀಚರುಗಳ ಕೇಸು, ಅಬೂಡ್ ಅಂತ. ಕೋರ್ಟು ಹೇಳ್ತು, ಮೆಂಬರ್ ಆಗೋದು ಬೇಡ, ಆದ್ರೆ ಸಂಬಳದ ಮಾತುಕತೆಗೆ ಆಗೋ ಖರ್ಚಿನ ಪಾಲು ಕೊಡಿ, ರಾಜಕೀಯದ ಖರ್ಚಿನ ಪಾಲು ಬೇಡ. 41 ವರ್ಷ ಹಂಗೇ ನಡೀತು. 2018ರಲ್ಲಿ ಇಲಿನಾಯ್ ರಾಜ್ಯದ ಮಾರ್ಕ್ ಜೇನಸ್ ಅನ್ನೋ ನೌಕರ, ಮಕ್ಕಳ ಜೀವನಾಂಶದ ಇಲಾಖೆಯವರು, ತಿಂಗಳಿಗೆ 44 ಡಾಲರ್ 58 ಸೆಂಟ್ಸ್ ಹಿಡೀತಿದ್ರು, ಅವರ ಕೇಸಲ್ಲಿ 5-4ರಲ್ಲಿ ಅಬೂಡ್ ತೀರ್ಪನ್ನ ಕೋರ್ಟೇ ತಳ್ಳಿಹಾಕ್ತು. ಸರ್ಕಾರದ ಜೊತೆ ಸಂಬಳದ ಬಗ್ಗೆ ಮಾತಾಡೋದೂ ರಾಜಕೀಯದ ಮಾತೇ, ಒಪ್ಪಿಗೆ ಇಲ್ಲದೆ ಒಂದು ಪೈಸೆ ಹಿಡೀಬಾರ್ದು ಅಂತ. ನನ್ನ ತಂಗಿ ಮಗಳು ನ್ಯೂಜೆರ್ಸಿಲಿ ಸರ್ಕಾರಿ ಸ್ಕೂಲ್ ಟೀಚರ್, ಕೇಳಿದ್ದಕ್ಕೆ ಹೇಳಿದ್ಲು, ಮಾವ, ಸೇರೋರು ಸೇರ್ತಾರೆ ಬಿಡೋರು ಬಿಡ್ತಾರೆ, ಕಾಂಟ್ರಾಕ್ಟ್ ಮಾತ್ರ ಎಲ್ರಿಗೂ ಒಂದೇ, ನಾನಂತೂ ಬಿಟ್ಟಿಲ್ಲ, ನನ್ನ ಕೇಸ್ ಬಂದಾಗ ನನ್ನ ಪಕ್ಕ ಕೂರೋರು ಅವ್ರೇ. ಯೂನಿಯನ್ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಸರಳವಾಗಿ ನಂಗೂ ಹೇಳೋಕೆ ಬರಲ್ಲ.

ಯುರೋಪಲ್ಲಿ ಬ್ರಿಟಿಷ್ ರೈಲ್ ಕೇಸು ಇದೆ, ಕ್ಲೋಸ್ಡ್ ಶಾಪ್ ಒಪ್ಪಂದ ಆದ್ಮೇಲೆ ಯೂನಿಯನ್ ಸೇರಲ್ಲ ಅಂದ ಮೂರು ಜನರನ್ನ ಕೆಲಸದಿಂದ ತೆಗೆದ್ರು, 1981ರಲ್ಲಿ ಯುರೋಪಿನ ಮಾನವ ಹಕ್ಕು ಕೋರ್ಟು ಅದು ಸಂಘ ಸ್ವಾತಂತ್ರ್ಯಕ್ಕೇ ವಿರುದ್ಧ ಅಂತು. ಸೇರದೇ ಇದ್ದಿದ್ದಕ್ಕೆ ಅನ್ನ ಕಿತ್ಕೊಳ್ಳೋದು ತಪ್ಪೇ, ಅದರಲ್ಲಿ ನಂಗೆ ಎರಡನೇ ಮಾತಿಲ್ಲ.

ನಂಗೆ ಮನಸ್ಸಿಗೆ ಹತ್ರ ಆಗಿದ್ದು ಕೆನಡಾದ ದಾರಿ. 1945ರಲ್ಲಿ ವಿಂಡ್ಸರ್ ಊರಲ್ಲಿ ಫೋರ್ಡ್ ಕಾರ್ಖಾನೆ ಮುಷ್ಕರ, 99 ದಿನ. ಚಳಿಗಾಲ ಬಂದಾಗ ಕಾರ್ಖಾನೆ ಸುತ್ತ ರಸ್ತೇಲಿ ಕಾರುಗಳನ್ನ ಸಾಲಾಗಿ ನಿಲ್ಸಿ ಒಳಗೆ ಯಾರೂ ಹೋಗದ ಹಂಗೆ ಅಡ್ಡ ಹಾಕಿದ್ರು. ಜಗಳ ಇದೇ, ಎಲ್ರೂ ಯೂನಿಯನ್ ಸೇರಲೇಬೇಕು ಅಂತ ಯೂನಿಯನ್ನು, ಆಗಲ್ಲ ಅಂತ ಕಂಪನಿ. ಕೊನೆಗೆ ಐವನ್ ರಾಂಡ್ ಅನ್ನೋ ಸುಪ್ರೀಂ ಕೋರ್ಟ್ ಜಡ್ಜಿಗೆ ಮಧ್ಯಸ್ಥಿಕೆ ಕೊಟ್ರು, 1946ರ ಜನವರೀಲಿ ಅವ್ರು ತೀರ್ಪು ಬರೆದ್ರು. ಯಾರೂ ಮೆಂಬರ್ ಆಗೋದು ಬೇಡ, ಆದ್ರೆ ಎಲ್ಲರ ಸಂಬಳದಿಂದಲೂ ಚಂದಾ ಹಿಡೀಬೇಕು, ಯಾಕಂದ್ರೆ ಒಪ್ಪಂದದ ಫಲ ಎಲ್ರೂ ಉಣ್ತಾರೆ. ಆದ್ರೆ ಅಲ್ಲಿಗೇ ನಿಲ್ಲಿಸಲಿಲ್ಲ ರಾಂಡ್, ಯೂನಿಯನ್ ಮೇಲೂ ಭಾರ ಹಾಕಿದ್ರು. ಮುಷ್ಕರಕ್ಕೆ ಮುಂಚೆ ಗುಟ್ಟು ಮತದಾನ, ಅದರಲ್ಲಿ ಮೆಂಬರ್ ಅಲ್ಲದೋರಿಗೂ ಓಟು, ಒಪ್ಪಂದ ಮೀರಿ ಕೆಲಸ ನಿಲ್ಲಿಸಿದ್ರೆ ಚಂದಾ ಕಡಿತಾನೇ ಕೆಲ ಕಾಲ ನಿಂತೋಗತ್ತೆ. ಆ ಓಟಿನ ಮಾತು ಓದಿದಾಗ ನಂಗೆ ನಮ್ಮ ಲೇತ್ ಸೆಕ್ಷನ್ನಿನವರೇ ನೆನಪಾಗಿದ್ದು. ನಾವು ಅವರ ದುಡ್ಡು ತಗೊಂಡ್ವಿ, ಓಟೂ ಕೊಡಲಿಲ್ಲ, ಪುಸ್ತಕಾನೂ ತೋರ್ಸಲಿಲ್ಲ.

ನಮ್ಮಲ್ಲೂ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು ಅಂತ ತುಂಬ ಜನಕ್ಕೆ ಗೊತ್ತಿಲ್ಲ. ಬಾಲ್ಮರ್ ಲಾರಿ ಕೇಸು, 1984ರ ತೀರ್ಪು, ಮುಂಬೈದು. ಮಾನ್ಯತೆ ಇದ್ದ ಯೂನಿಯನ್ ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡು ಎಲ್ಲಾ ಕೆಲಸಗಾರರ ಅರಿಯರ್ಸಿಂದ ಶೇಕಡಾ 15 ಯೂನಿಯನ್ ಫಂಡಿಗೆ ಅಂತ ಕಲಮು ಹಾಕಿಸ್ಕೊಂಡಿತ್ತು. ಬೇರೆ ಯೂನಿಯನ್ನಿನವರು, ನಾವು ಮೆಂಬರೇ ಅಲ್ಲ ನಮ್ಮ ದುಡ್ಡು ಯಾಕೆ ಅಂತ ಕೋರ್ಟಿಗೆ ಹೋದ್ರು. ಕೋರ್ಟು ಕಡಿತವನ್ನ ಎತ್ತಿಹಿಡೀತು. ಒಪ್ಪಂದದ ಲಾಭ ಬೇಕು, ಅದರ ಈ ಒಂದು ಕಲಮು ಮಾತ್ರ ಬೇಡ ಅನ್ನೋಕಾಗಲ್ಲ ಅನ್ನೋದು ಅದರ ಸಾರ. ಆದ್ರೆ ಹುಷಾರು, ಅದು ಮಹಾರಾಷ್ಟ್ರದ 1971ರ ಕಾಯ್ದೆ ಕೆಳಗೆ ಮಾನ್ಯತೆ ಪಡೆದ ಯೂನಿಯನ್ನಿನ ಕೇಸು, ಆ ಕಾಯ್ದೆ ಕರ್ನಾಟಕಕ್ಕಿಲ್ಲ. ಪ್ರತಿ ತಿಂಗಳ ಚಂದಾ ಮಾತೂ ಅಲ್ಲ ಅದು, ಒಂದ್ಸಲದ ಲೆವಿ.

ಆಯೋಗಗಳು ಏನಂದ್ವು? ಗಜೇಂದ್ರಗಡ್ಕರ್ ಅವರ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗ 1969ರಲ್ಲಿ ಕ್ಲೋಸ್ಡ್ ಶಾಪ್ ನಮಗೆ ಬೇಡ ಅಂತು, ಚೆಕ್ ಆಫ್ ಇರ್ಲಿ ಅಂತು. 2002ರಲ್ಲಿ ರವೀಂದ್ರ ವರ್ಮಾ ಅವರ ಎರಡನೇ ಆಯೋಗ ಬಂದಾಗ ಒಂದು ಸ್ವಾರಸ್ಯದ ಶಿಫಾರಸು ಇತ್ತು. ಯಾವ ಯೂನಿಯನ್ನಿಗೂ ಸೇರದೋರು ಮಾತುಕತೆ ನಡೆಸೋ ಯೂನಿಯನ್ನಿನ ಚಂದಾದಷ್ಟೇ ದುಡ್ಡು ಕಟ್ಟಲಿ, ಆದ್ರೆ ಅದು ಯೂನಿಯನ್ನಿಗೆ ಹೋಗೋದು ಬೇಡ, ಶಾಸನಬದ್ಧ ಕಲ್ಯಾಣ ನಿಧಿಗೆ ಹೋಗ್ಲಿ. ನೋಡಿ, ಬಿಟ್ಟಿ ಲಾಭ ಅನ್ನೋ ಮುನಿಸೂ ಇರಲ್ಲ, ಮನಸ್ಸಿಲ್ಲದ ಯೂನಿಯನ್ನಿಗೆ ದುಡ್ಡು ಕೊಟ್ಟೆ ಅನ್ನೋ ಸಂಕಟಾನೂ ಇರಲ್ಲ. ಆ ಶಿಫಾರಸು ಕಾನೂನಾಗಲಿಲ್ಲ.

2025ರ ನವೆಂಬರ್ 21ರಿಂದ ಹಳೇ ಕಾಯ್ದೆಗಳ ಜಾಗದಲ್ಲಿ ಕೈಗಾರಿಕಾ ಸಂಬಂಧ ಸಂಹಿತೆ ಜಾರಿಗೆ ಬಂದಿದೆ. ಒಂದಕ್ಕಿಂತ ಜಾಸ್ತಿ ಯೂನಿಯನ್ ಇರೋ ಕಡೆ ಮಸ್ಟರ್ ರೋಲಲ್ಲಿ, ಅಂದ್ರೆ ಹಾಜರಿ ಪಟ್ಟೀಲಿ, ಇರೋ ಕೆಲಸಗಾರರಲ್ಲಿ ಶೇಕಡಾ 51 ಯಾವುದಕ್ಕಿದೆಯೋ ಅದೊಂದೇ ಮಾತುಕತೆ ಯೂನಿಯನ್. ಯಾವುದಕ್ಕೂ ಇಲ್ಲದಿದ್ರೆ ಶೇಕಡಾ 20 ಇರೋವೆಲ್ಲ ಸೇರಿ ಮಾತುಕತೆ ಮಂಡಳಿ. ಅಂದ್ರೆ ಉಳಿದ 49 ಜನದ ಸಂಬಳಾನೂ ಆ ಒಂದು ಯೂನಿಯನ್ನೇ ಮಾತಾಡತ್ತೆ. ಇಷ್ಟು ದಿನ ಆ ಸೆಟ್ಲ್‌ಮೆಂಟು ನಂಗೆ ಬೇಡ ಅಂತ ದೂರ ನಿಲ್ಲೋಕೆ ಸ್ವಲ್ಪ ಜಾಗ ಇತ್ತು, ಇನ್ಮೇಲೆ ಕಮ್ಮಿ. ಎಲ್ಲರ ಪರವಾಗಿ ಮಾತಾಡೋ ಜವಾಬ್ದಾರಿ ಕೊಟ್ಟಿದಾರೆ, ಅದರ ಖರ್ಚು ಯಾರು ಕೊಡ್ಬೇಕು ಅಂತ ಮಾತ್ರ ಹೇಳಿಲ್ಲ, ಖರ್ಚು ಮೆಂಬರುಗಳ ತಲೆ ಮೇಲೇ.

ನನ್ನ ಅಭಿಪ್ರಾಯ ಕೇಳಿದ್ರೆ, ಮೆಂಬರ್ ಆಗೋದನ್ನ ಯಾವತ್ತೂ ಕಡ್ಡಾಯ ಮಾಡಬಾರ್ದು. ಬಲವಂತದ ಮೆಂಬರು ಮುಷ್ಕರದ ದಿನ ಗೇಟಲ್ಲಿ ನಿಲ್ಲಲ್ಲ. ಆದ್ರೆ ಎಲ್ರಿಗೂ ಅನ್ವಯ ಆಗೋ ಸೆಟ್ಲ್‌ಮೆಂಟಿನ ಖರ್ಚಿಗೆ ಎಲ್ರೂ ಪಾಲು ಕೊಡೋ ಹಂಗೆ ಕಾನೂನು ಬರ್ಬೇಕು, ಆ ಪಾಲು ಎಷ್ಟು ಅಂತ ಎಲ್ಲಾ ಕೆಲಸಗಾರರ ಗುಟ್ಟು ಮತದಾನದಲ್ಲಿ ತೀರ್ಮಾನ ಆಗ್ಬೇಕು, ದುಡ್ಡು ಕೊಟ್ಟ ಪ್ರತಿಯೊಬ್ರಿಗೂ, ಮೆಂಬರ್ ಆಗಿರ್ಲಿ ಬಿಡ್ಲಿ, ಲೆಕ್ಕದ ಪುಸ್ತಕ ತೆರೀಬೇಕು. ನಮ್ಮ ರಾಜ್ಯದಲ್ಲಿ ಕಾರ್ಮಿಕ ಕಲ್ಯಾಣ ನಿಧಿಗೆ ವರ್ಷಕ್ಕೊಂದ್ಸಲ ಸಂಬಳದಿಂದ ಹಿಡೀತಾರೆ, ನಿಮ್ಮನ್ನ ಯಾರಾದ್ರೂ ಕೇಳಿದ್ರಾ? ಪ್ರೊಫೆಷನಲ್ ಟ್ಯಾಕ್ಸ್ ಹಿಡೀವಾಗ ಕೇಳಿದ್ರಾ? ಅವನ್ನ ತಪ್ಪು ಅಂತಿಲ್ಲ ನಾನು, ಸಂಬಳದಲ್ಲಿ ಕಡಿತ ಅನ್ನೋದೇ ಅನ್ಯಾಯ ಅಂತ ಯೂನಿಯನ್ ವಿಷಯಕ್ಕೆ ಮಾತ್ರ ಕೂಗಾಡ್ತಾರಲ್ಲ, ಅವರಿಗೆ ಈ ಮಾತು.

ಒಬ್ಬ ಲಾ ಹುಡುಗ ಕೇಳಿದ, ಸರ್, ಕೊಡದೋರಿಗೆ ಏರಿಕೆ ಕೊಡಬೇಡಿ ಅಂದ್ರೆ ಮುಗೀತಲ್ಲ, ಮೆಂಬರಿಗಷ್ಟೇ ಸೆಟ್ಲ್‌ಮೆಂಟ್. ಕೇಳೋಕೆ ಚೆನ್ನಾಗಿದೆಯಪ್ಪ. ಆದ್ರೆ ಮ್ಯಾನೇಜ್‌ಮೆಂಟ್ ಮಾರನೇ ದಿನ ಏನು ಮಾಡತ್ತೆ ಗೊತ್ತಾ, ಮೆಂಬರ್ ಅಲ್ಲದೋರಿಗೆ ನೂರು ರೂಪಾಯಿ ಜಾಸ್ತೀನೇ ಕೊಡತ್ತೆ, ಯೂನಿಯನ್ ಬಿಡಿ ಅಂತ ಬಾಯಲ್ಲಿ ಹೇಳೋದೇ ಬೇಡ. ಒಂದೇ ಮಷಿನ್ ಮೇಲೆ ಎರಡು ಸಂಬಳ ಆಗ್ಬಾರ್ದು ಅಂತಾನೇ ಟ್ವೆಲ್ವ್ ತ್ರೀ ಎಲ್ರಿಗೂ ಅನ್ವಯ ಅಂತ ಇಟ್ಟಿರೋದು. ಈಗಾಗ್ಲೇ ಕಾಂಟ್ರಾಕ್ಟ್ ಹುಡುಗರು, ಟ್ರೈನಿಗಳು ಅಂತ ಮೂರ್ನಾಲ್ಕು ಸಂಬಳ ಮಾಡಿಟ್ಟಿದಾರೆ, ಅದು ಸಾಲದಾ?

ಕೊನೆಗೆ ಹಿಂದಿನ ಸಾಲಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತ್ಲು, ಗಾರ್ಮೆಂಟ್ಸಲ್ಲಿ ಟೈಲರ್. ಫೋನಲ್ಲಿ ಪೇ ಸ್ಲಿಪ್ ತೆಗೆದು ನಂಗೆ ತೋರ್ಸಿದ್ಲು. ಪಿಎಫ್, ಇಎಸ್ಐ, ಅದರ ಕೆಳಗೆ ಇಂಗ್ಲಿಷಲ್ಲಿ ಯೂನಿಯನ್ ಅಂತ ಒಂದು ಸಾಲು, 30 ರೂಪಾಯಿ. ಅಣ್ಣ, ನಾನು ಯಾರಿಗೂ ಏನೂ ಬರ್ಕೊಟ್ಟಿಲ್ಲ, ನಮ್ಮಲ್ಲಿ ಯೂನಿಯನ್ ಇದೆ ಅಂತಾನೇ ನಂಗೆ ಗೊತ್ತಿಲ್ಲ, ಇದು ಯಾರಿಗೆ ಹೋಗ್ತಿದೆ?

ಅಮ್ಮ, ಕೆಲಸಕ್ಕೆ ಸೇರಿದ ದಿನ ಎಷ್ಟು ಕಾಗದಕ್ಕೆ ಸಹಿ ಹಾಕಿದ್ದೆ ಅಂತ ಕೇಳ್ದೆ. ತುಂಬ ಇತ್ತಣ್ಣ, ಪೆನ್ಸಿಲಲ್ಲಿ ಗುರುತು ಮಾಡಿರ್ತಾರೆ, ಗುರುತಿದ್ದ ಕಡೆಯೆಲ್ಲ ಹಾಕಿದೆ, ಎಲ್ಲ ಇಂಗ್ಲಿಷು ಅಂದ್ಲು. ಅವಳ ಪಕ್ಕ ಕೂತಿದ್ದ ಇನ್ನಿಬ್ರು ತಮ್ಮ ಫೋನ್ ತೆಗೆದು ನೋಡ್ಕೊಂಡ್ರು, ಅವ್ರದ್ರಲ್ಲೂ ಅದೇ 30.

ಅವಳಿಗೆ ಅಲ್ಲೇ ಕನ್ನಡದಲ್ಲಿ ಒಂದು ಅರ್ಜಿ ಬರೆದುಕೊಟ್ವಿ, ಎಚ್‌ಆರ್ ಅವರಿಗೆ. ನನ್ನ ಸಂಬಳದಿಂದ ಯೂನಿಯನ್ ಅಂತ ಹಿಡೀತಿರೋದಕ್ಕೆ ನಾನು ಕೊಟ್ಟಿರೋ ಲಿಖಿತ ಒಪ್ಪಿಗೆಯ ನಕಲು ಕೊಡಿ, ದುಡ್ಡು ಹೋಗ್ತಿರೋ ಯೂನಿಯನ್ನಿನ ಹೆಸರು, ರಿಜಿಸ್ಟ್ರೇಷನ್ ನಂಬರ್ ಕೊಡಿ. ಎರಡೇ ಸಾಲು. ಎರಡು ಪ್ರತಿ ತಗೊಂಡು ಹೋಗು, ಒಂದರ ಮೇಲೆ ಸೀಲು ಹಾಕಿಸ್ಕೊಂಡು ಬಾ ಅಂತ ಹೇಳಿದೀನಿ, ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟಲ್ಲಿ ಕಳ್ಸಿ ಆ ಚೀಟಿ ಇಟ್ಕೊ. ಆ ಇಬ್ರೂ ತಮಗೂ ಬರ್ಕೊಡಿ ಅಂತ ಕೇಳಿದ್ರು. ಮುಂದಿನ ಭಾನುವಾರ ಮೂವರೂ ಸೇರಿದ ದಿನದ ಕಾಗದಗಳ ಫೋಟೋ ತರ್ತೀವಿ ಅಂದಿದಾರೆ, ಹತ್ತು ಗಂಟೆಗೆ, ಇದೇ ಜಾಗ.